ನಮ್ಮವ್ವ ತೆಗೆಯದ ಕರಡಿಗೆ

ನಮ್ಮಪ್ಪ ಏನಾದ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ನನಗೆ ಗೊತ್ತಿಲ್ಲ. ನನಗೆ ಮಾತ್ರವಲ್ಲ, ಯಾರಿಗೂ ಗೊತ್ತಿಲ್ಲ. ಗೊತ್ತಿದೆ ಎನ್ನುವವರು ಬೇಕಾದಷ್ಟು ಜನ ಇದ್ದಾರೆ, ಕಥೆ ಬೇಕಾದವರು ಅವರ ಹತ್ತಿರ ಹೋಗಬಹುದು. ಚಿರತೆ ಎಳೆದುಕೊಂಡು ಹೋಯಿತು ಎನ್ನುವವರಿದ್ದಾರೆ. ಗಂಧದ ಕಳ್ಳರು ಕಡಿದು ಹೂತರು ಎನ್ನುವವರಿದ್ದಾರೆ. ಹಿಂದೂಪುರದ ಕಡೆ ಇನ್ನೊಂದು ಸಂಸಾರ ಹೂಡಿ ಸುಖವಾಗಿದ್ದ ಎಂದು, ಆ ಹೆಂಗಸಿನ ಸೀರೆಯ ಬಣ್ಣದ ಸಮೇತ ಹೇಳಿದ ಪುಣ್ಯಾತ್ಮರೂ ಉಂಟು. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುವುದಿಲ್ಲ. ನಾನು ಬರೆಯುತ್ತಿರುವುದು ಅವನ ಕಥೆಯಲ್ಲ. ಅವನು ಮನೆಗೆ ಬಾರದೆ ಹೋದ ಮೇಲೆ ನಮ್ಮವ್ವನನ್ನು ಏನೆಂದು ಕರೆಯಬೇಕು ಎಂದು ಊರೆಲ್ಲ ಸೇರಿ ಒಂಬತ್ತು ವರ್ಷ ನಡೆಸಿದ ವ್ಯಾಜ್ಯವನ್ನು.

ನಮ್ಮಪ್ಪ ಕಾಡಿನ ಗಾರ್ಡು. ಮಧುಗಿರಿಗೂ ಕೊರಟಗೆರೆಗೂ ನಡುವಿನ ಬೆಟ್ಟಸಾಲಿನಲ್ಲಿ ಆಗ ಮಹಾರಾಜರ ಸರ್ಕಾರದ ರಿಸರ್ವ್ ಕಾಡಿತ್ತು. ಕಾಡು ಎಂದರೆ ಮಲೆನಾಡಿನವರು ನಗುತ್ತಾರೆ. ಬಂಡೆ, ಕಾರೆ, ತಂಗಡಿ, ಮುತ್ತುಗ, ಅಲ್ಲೊಂದು ಇಲ್ಲೊಂದು ಹುಣಸೆ. ಆದರೆ ಅದರ ಒಳಗೆ ಗಂಧದ ಮರಗಳಿದ್ದವು, ಅದಕ್ಕೇ ಸುತ್ತ ಗಡಿಕಲ್ಲು ನೆಟ್ಟು ಗಾರ್ಡುಗಳನ್ನು ಇಟ್ಟಿದ್ದರು. ಗಂಧದ ಗಿಡ ನಮ್ಮ ಹಿತ್ತಲಲ್ಲಿ ಹುಟ್ಟಿದರೂ ಅದು ಸರ್ಕಾರದ್ದು, ಅದಕ್ಕೆ ನೀರು ಹಾಕುವ ಕರ್ಮ ಮಾತ್ರ ನಮ್ಮದು. ಅಪ್ಪ ಆ ಮರಗಳನ್ನು ಎಣಿಸಿ, ನಂಬರು ಕೊರೆದು, ಕಾಯುತ್ತಿದ್ದ. ಮಂಡಿಯವರೆಗೆ ಬರುವ ಖಾಕಿ ಕೋಟು ಕೊಟ್ಟಿದ್ದರು. ಅದು ಅವನಿಗಿಂತ ದೊಡ್ಡ ಯಾರಿಗೋ ಹೊಲಿದದ್ದು. ತೋಳು ಮಡಿಸಿಕೊಂಡು ಹಾಕುತ್ತಿದ್ದ.

ನಾನು ಆಗ ಏಳು ವರ್ಷದವಳು. ಅವತ್ತು ಏನೂ ವಿಶೇಷವಿರಲಿಲ್ಲ. ಹಲ್ಲಿ ಲೊಚಗುಟ್ಟಲಿಲ್ಲ, ಬೆಕ್ಕು ಅಡ್ಡ ಬರಲಿಲ್ಲ. ಅಪ್ಪ ಮಿಂದು, ಲಿಂಗಪೂಜೆ ಮಾಡಿ, ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು, "ಉಪ್ಪು ಜಾಸ್ತಿ ಆಗೈತೆ" ಎಂದು ಹೇಳಿ ಎದ್ದುಹೋದ. ಅದು ಅವನ ಕೊನೆಯ ಮಾತು ಎಂದು ನಾನು ಬರೆಯುವುದಿಲ್ಲ. ನಾನು ಕೇಳಿದ ಮಾತು ಅದು, ಅಷ್ಟೇ.

ಎರಡು ದಿನ ಕಾಡಿನಲ್ಲಿ ಉಳಿಯುವುದು ಅವನಿಗೆ ಹೊಸದಲ್ಲ. ಮೂರನೆಯ ದಿನವೂ ಬಾರದಿದ್ದಾಗ ಅವ್ವ ದೊಡ್ಡಪ್ಪನ ಮನೆ ಬಾಗಿಲಿಗೆ ಹೋಗಿ ನಿಂತಳು. ದೊಡ್ಡಪ್ಪ ಅಪ್ಪನ ಅಣ್ಣ, ನಮ್ಮ ಮನೆಯ ಹಿರಿಯ. ಅವನು ಪಟೇಲರಿಗೆ ಹೇಳಿದ. ಪಟೇಲರು ತಮಟೆ, ಭರ್ಜಿ, ನಾಯಿ ಎಲ್ಲ ಕೂಡಿಸಿ ಮೂವತ್ತು ಜನರನ್ನು ಕಾಡಿಗೆ ಕಳಿಸಿದರು. ಅವ್ವ ಇಡೀ ದಿನ ಜಗುಲಿಯ ಮೇಲೆ ಕೂತು ತಮಟೆ ಯಾವ ದಿಕ್ಕಿನಿಂದ ಕೇಳುತ್ತಿದೆ ಎಂದು ಗಮನಿಸುತ್ತಿದ್ದಳು. ಸಂಜೆಯವರೆಗೂ ಅದು ಬೆಟ್ಟದ ಈ ಮಗ್ಗುಲಲ್ಲೇ ಇತ್ತು.

ಮಾರನೆಯ ದಿನ ನಡುಹೊತ್ತಿಗೆ ಶಿರಾದ ಸಾಬರು ಬಂದರು. ಅವರು ಚರ್ಮ ಹದ ಮಾಡುವವರಿಗಾಗಿ ತಂಗಡಿ ತೊಗಟೆ ಸಂಗ್ರಹಿಸಲು ಸರ್ಕಾರದ ಚೀಟಿ ಪಡೆದು, ವರ್ಷವೂ ನಮ್ಮ ಕಾಡಿಗೆ ಗಾಡಿ ಕಟ್ಟಿಕೊಂಡು ಬರುತ್ತಿದ್ದವರು. ಅಪ್ಪನಿಗೆ ಪರಿಚಯ. ತಲೆಗೆ ಸುತ್ತುವ ವಸ್ತ್ರ ಅವರ ತಲೆಯ ಮೇಲಿರಲಿಲ್ಲ, ಕೈಯಲ್ಲಿ ಗಂಟಾಗಿತ್ತು. ಅದನ್ನು ಅವ್ವನ ಮುಂದೆ ಜಗುಲಿಯ ಮೇಲಿಟ್ಟು ಬಿಚ್ಚಿದರು. ಒಳಗೆ ಅಪ್ಪನ ಕರಡಿಗೆ ಇತ್ತು.

ಕರಡಿಗೆ ಎಂದರೆ ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಹಾಕಿಕೊಳ್ಳುವ ಬೆಳ್ಳಿಯ ಪುಟ್ಟ ಡಬ್ಬಿ. ನಮ್ಮವರಲ್ಲಿ ಹುಟ್ಟಿದ ಕೂಸಿಗೂ ಲಿಂಗ ಕಟ್ಟುತ್ತಾರೆ. ಮತ್ತೆ ಅದು ಮೈ ಬಿಟ್ಟು ಹೋಗುವಂತಿಲ್ಲ. ಮಲಗಿದಾಗಲೂ ಇಲ್ಲ, ಹೆರುವಾಗಲೂ ಇಲ್ಲ. ಸತ್ತ ಮೇಲೆ ಅಂಗೈಯಲ್ಲಿ ಲಿಂಗವಿಟ್ಟು, ಕೂತ ಭಂಗಿಯಲ್ಲೇ ಮಣ್ಣು ಮಾಡುತ್ತಾರೆ. ಒಬ್ಬರ ಕರಡಿಗೆಯ ಮುಚ್ಚಳವನ್ನು ಇನ್ನೊಬ್ಬರು ತೆಗೆಯಬಾರದು. ತೆಗೆದು ಲಿಂಗ ಮುಟ್ಟುವುದಂತೂ ದೂರದ ಮಾತು.

ಸಾಬರಿಗೆ ಇದೆಲ್ಲ ಗೊತ್ತಿತ್ತು. ಕಾಡಿನೊಳಗೆ ಬಂಡೆಯ ಮೇಲೊಂದು ದೊಣೆ ಇದೆ, ಬೇಸಗೆಯಲ್ಲೂ ನೀರು ನಿಲ್ಲುವ ಹೊಂಡ. ಅದರ ದಡದ ಕಾರೆಗಿಡದ ಮೇಲೆ ಕರಡಿಗೆ ಸಿಕ್ಕಿತೆಂದರು. ದಾರ ಹರಿದಿರಲಿಲ್ಲ, ಕುಯ್ದಿರಲಿಲ್ಲ. ರಕ್ತವಿರಲಿಲ್ಲ. ಯಾರೋ ತೂಗುಹಾಕಿದ್ದರೋ, ಮುಳ್ಳಿಗೆ ಸಿಕ್ಕಿಕೊಂಡು ಜಾರಿತ್ತೋ, ನೋಡಿದರೆ ತಿಳಿಯುತ್ತಿರಲಿಲ್ಲ.

"ಠಾಣೆಗೆ ಯಾಕೆ ಕೊಡಲಿಲ್ಲ ಸಾಬ್ರೇ?" ಎಂದು ದೊಡ್ಡಪ್ಪ ಕೇಳಿದ.

"ಠಾಣೆಗೆ ಕೊಟ್ರೆ ನಾಲ್ಕು ಜನ ನಾಲ್ಕು ಕೈ ಹಾಕ್ತಾರೆ ಗೌಡ್ರೇ. ಇದು ಗಾರ್ಡ್ ಸಾಬ್ರ ಅಮಾನತ್ತು, ನಂಬಿಕೆ ಮೇಲಿರೋ ವಸ್ತು. ಅಮ್ಮಾವ್ರ ಕೈಗೇ ಮುಟ್ಟಿಸ್ಬೇಕು. ನಾನೂ ಬಟ್ಟೇಲೆ ತಕ್ಕೊಂಡಿದ್ದು, ಕೈಯಲ್ಲಿ ಮುಟ್ಟಿಲ್ಲ, ಅಲ್ಲಾ ಕಸಂ."

ಕರಡಿಗೆ ಸಿಕ್ಕಿದ್ದೇ ತಡ, ಕಾಡಿನಲ್ಲಿ ತಮಟೆ ನಿಂತಿತು.

ಇದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಮೂವತ್ತು ಜನ ಮನುಷ್ಯನನ್ನು ಹುಡುಕಲು ಹೋದವರು, ಅಂಗೈಯಷ್ಟಿಲ್ಲದ ಡಬ್ಬಿ ಸಿಕ್ಕಿತೆಂದು ಭರ್ಜಿ ಹೆಗಲಿಗೇರಿಸಿ ಮನೆಗೆ ಬಂದು ಉಂಡರು. ಅವರು ಕೆಟ್ಟವರಲ್ಲ. ಅವರ ಲೆಕ್ಕದಲ್ಲಿ ಹುಡುಕುವುದು ಮುಗಿದಿತ್ತು. ಲಿಂಗ ಮೈ ಬಿಟ್ಟಿತೆಂದರೆ ಜೀವ ಮೈ ಬಿಟ್ಟಿತು, ಇನ್ನು ಹುಡುಕಿ ಸಿಗುವುದು ಹೆಣ ಮಾತ್ರ, ಹೆಣಕ್ಕೆ ಅವಸರವಿಲ್ಲ. ನೀರಿಲ್ಲದೆ, ಕಾಲು ಮುರಿದು, ಯಾವುದೋ ಬಂಡೆಯ ಸಂದಿನಲ್ಲಿ ಒಬ್ಬ ಮನುಷ್ಯ ಇನ್ನೂ ಉಸಿರಾಡುತ್ತಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಬೇರೆ ಜಾತಿಯವನಾಗಿದ್ದರೆ ಇನ್ನೂ ನಾಲ್ಕು ದಿನ ಹುಡುಕುತ್ತಿದ್ದರೋ ಏನೋ.

ಮಾರನೆಯ ಬೆಳಿಗ್ಗೆ ದೊಡ್ಡಪ್ಪ ಮಠದ ಅಯ್ಯನವರನ್ನು ಕರೆದುಕೊಂಡು ಬಂದ. ಅಯ್ಯನವರು ನಮ್ಮೂರಿನ ಹುಟ್ಟು ಸಾವು ಮದುವೆ ಎಲ್ಲಕ್ಕೂ ಬೇಕಾದ ಗುರು, ಒಳ್ಳೆಯ ಮನುಷ್ಯರೇ. ಅವ್ವ ಕಂಬಕ್ಕೆ ಒರಗಿ ಕೂತಿದ್ದಳು. ನಾನು ಅವಳ ಸೆರಗು ಹಿಡಿದಿದ್ದೆ.

"ನೋಡಮ್ಮ," ಎಂದ ದೊಡ್ಡಪ್ಪ. ಅವನ ಕಣ್ಣು ಕೆಂಪಾಗಿತ್ತು, ಅತ್ತಿದ್ದ. "ಲಿಂಗ ಬುಟ್ಟು ಅವ್ನು ಒಂದ್ ಗಳಿಗೆ ಇದ್ದೋನಲ್ಲ. ನಿಂಗೂ ಗೊತ್ತು. ಕರಡಿಗೇನೇ ಅವ್ನ ದೇಹ ಅಂತ ತಿಳ್ಕಂಡು ಮಣ್ಣು ಮಾಡಾನ. ಅಯ್ನೋರೂ ಒಪ್ಪವ್ರೆ."

"ಬೆಳ್ಳಿ ಡಬ್ಬಿ ಹೂತ್ರೆ ನಾನು ಬಳೆ ಒಡ್ಕಬೇಕಾ ಬಾವ?"

"ಅಂಗೆಲ್ಲ ಅನ್ನಬಾರ್ದು ಕಣಮ್ಮ."

"ಬೆಟ್ಟದ ಆ ಮಗ್ಗುಲಿಗೆ ಯಾರಾದ್ರೂ ಹೋದ್ರಾ? ಹೇಳಿ. ಒಬ್ರಾದ್ರೂ?"

ದೊಡ್ಡಪ್ಪ ಅಯ್ಯನವರ ಮುಖ ನೋಡಿದ. ಅಯ್ಯನವರು ಮೆಲ್ಲಗೆ ಹೇಳಿದರು, "ತಾಯಿ, ಅದ್ರೊಳ್ಗೆ ಲಿಂಗ ಪೂಜೆ ಇಲ್ದೆ ಕುಂತೈತೆ. ಅದು ನಿನ್ ಮನೆಗೆ ಒಳ್ಳೇದಲ್ಲ."

"ಪೂಜೆ ನಾನ್ ಮಾಡ್ತೀನಿ. ನನ್ ಲಿಂಗದ ಮಗ್ಗುಲಲ್ಲೇ ಇಟ್ಕಂಡು, ಮುಚ್ಚಿದ್ ಹಂಗೇ ಇಬೂತಿ ಇಡ್ತೀನಿ. ಶಿವ ಡಬ್ಬಿ ಒಳ್ಗೆ ಇದ್ರೆ ಅವನಿಗೆ ಗೊತ್ತಾಗ್ತೈತೆ, ಇಲ್ದಿದ್ರೂ ಗೊತ್ತಾಗ್ತೈತೆ. ಹೆಣ ತಂದು ತೋರ್ಸಿ ಅಯ್ನೋರೇ, ನಾನೇ ಕಲ್ಲು ತಕ್ಕಂಡು ಬಳೆ ಒಡ್ಕತೀನಿ. ಅಲ್ಲೀಗಂಟ ಈ ಕೈ ಮುಟ್ಟಾಕೆ ಯಾರೂ ಬರಬ್ಯಾಡಿ."

ಅವತ್ತಿನವರೆಗೆ ಅವ್ವ ದೊಡ್ಡಪ್ಪನ ಎದುರು ಜೋರಾಗಿ ಕೆಮ್ಮಿದ್ದನ್ನೂ ನಾನು ಕೇಳಿರಲಿಲ್ಲ. ದೊಡ್ಡಪ್ಪನಿಗೆ ಸಿಟ್ಟಿಗಿಂತ ಹೆಚ್ಚಾಗಿ ಗಾಬರಿಯಾಯಿತು. ತಮ್ಮನ ಹೆಂಡತಿಗೆ ತಲೆ ಕೆಟ್ಟಿದೆ ಎಂದು ಅಯ್ಯನವರಿಗೆ ಸಮಾಧಾನ ಹೇಳಿ ಕರೆದುಕೊಂಡು ಹೋದ.

ಊರಿನವರು ಬರುವುದಿಲ್ಲ ಎಂದು ಖಚಿತವಾದ ಮೇಲೆ ಅವ್ವ ತಾನೇ ಕಾಡಿಗೆ ಹೊರಟಳು. ಸಾಬರು ಗಾಡಿ ಕಟ್ಟಿದರು. ನನ್ನನ್ನು ಬಿಟ್ಟು ಹೋಗಲು ಮನಸ್ಸಿಲ್ಲದೆ ಜೊತೆಗೆ ಕರೆದುಕೊಂಡಳು. ಗಾಡಿ ಹೋಗುವಷ್ಟು ದೂರ ಹೋಗಿ, ಅಲ್ಲಿಂದ ನಡೆದು, ದೊಣೆ ದಾಟಿ, ನೆತ್ತಿ ಹತ್ತಿ ಆ ಮಗ್ಗುಲಿಗೆ ಇಳಿದೆವು. ಅವ್ವ ಗಂಡನ ಹೆಸರು ಹಿಡಿದು ಕೂಗುವ ಹಾಗಿರಲಿಲ್ಲ, ನಮ್ಮ ಕಾಲದ ಹೆಂಗಸರು ಹೇಳುತ್ತಿರಲಿಲ್ಲ. "ಉಯ್, ಉಯ್" ಎಂದು ಕೂಗುತ್ತಿದ್ದಳು. ನನಗೆ, "ನೀನು ಅಪ್ಪಾ ಅನ್ನು, ಜೋರಾಗನ್ನು" ಎಂದಳು. ಸಾಬರು "ಗಾರ್ಡ್ ಸಾಬ್" ಎನ್ನುತ್ತಿದ್ದರು. ಮೂರು ಥರ ಕೂಗಿದೆವು, ಬಂಡೆ ಮೂರನ್ನೂ ವಾಪಸು ಕೊಟ್ಟಿತು.

ಮೂರು ದಿನ ಹೋದೆವು. ಬಟ್ಟೆ ಚೂರು ಸಿಗಲಿಲ್ಲ, ಕೋಟಿನ ಗುಂಡಿ ಸಿಗಲಿಲ್ಲ. ಮೂರನೆಯ ದಿನ ಒಂದು ಕೊರಕಲಿನಲ್ಲಿ ಸಾಬರ ಕಾಲು ಸೊಪ್ಪಿನೊಳಗೆ ಹೂತುಹೋಯಿತು. ಸೊಪ್ಪು ಸರಿಸಿದರೆ ಗಂಧದ ಮರದ ಬುಡ. ಬೇರು ಸಮೇತ ಅಗೆದು ತೆಗೆದು, ಗುಂಡಿಗೆ ಮಣ್ಣು ಎಳೆದು, ಮೇಲೆ ಮುತ್ತುಗದ ಸೊಪ್ಪು ಹಾಕಿದ್ದರು. ಹುಡುಕಿದರೆ ಅಂಥವು ಆರು. ಸೊಪ್ಪು ಇನ್ನೂ ಪೂರ್ತಿ ಒಣಗಿರಲಿಲ್ಲ.

ಸಾಬರು ಅಲ್ಲೇ ಕೂತುಬಿಟ್ಟರು. "ಅಮ್ಮಾ, ಇದನ್ನ ನಾವು ನೋಡೇ ಇಲ್ಲ ಅಂದ್ಕೊಳ್ಳೋಣ. ಹೇಳಿದ್ರೆ ಗಾರ್ಡ್ ಸಾಬ್ರ ಮೇಲೇ ಬರ್ತದೆ."

"ಯಾಕ್ ಬತ್ತೈತೆ? ಅವ್ರು ಕಾಯ್ತಿದ್ದ ಮರ. ಇದಕ್ಕೇ ಅವ್ರಿಗೇನೋ ಆಗೈತೆ. ಹೇಳಿದ್ರೆ ಸರ್ಕಾರದೋರು ಹುಡುಕ್ತಾರೆ."

ಸಾಬರಿಗೆ ಸರ್ಕಾರ ಗೊತ್ತಿತ್ತು, ಅವ್ವನಿಗೆ ಗೊತ್ತಿರಲಿಲ್ಲ.

ಮುಂದಿನ ವಾರ ರೇಂಜರು ಕುದುರೆಯ ಮೇಲೆ ಬಂದು ಪಟೇಲರ ಚಾವಡಿಯಲ್ಲಿ ಕೂತರು. ಪೇಟ, ಕನ್ನಡಕ, ಮುಂದೆ ಒಂದು ರಿಜಿಸ್ಟರು. ಅವ್ವ ಚಾವಡಿಯ ಕಟ್ಟೆಯ ಕೆಳಗೆ ನಿಂತು ಬುಡಗಳ ವಿಷಯ ಹೇಳಿದಳು. ಆರು ಮರ, ಇಂಥ ಕೊರಕಲು, ಸೊಪ್ಪು ಹಸಿ ಇತ್ತು. ರೇಂಜರು ಎಲ್ಲ ಬರೆದುಕೊಂಡರು. ಬರೆದು, ಲೇಖನಿ ಕೆಳಗಿಟ್ಟು, "ಆರು ಮರ ಅಗೆಯುವವರೆಗೆ ನಿನ್ನ ಗಂಡ ಎಲ್ಲಿದ್ದ?" ಎಂದು ಕೇಳಿದರು.

ಅವ್ವ ತನ್ನ ಬಾಯಿಂದಲೇ ಗಂಡನನ್ನು ಸಿಕ್ಕಿಸಿಕೊಟ್ಟಿದ್ದಳು. ಆ ಹೊತ್ತಿನಲ್ಲಿ ಅವಳ ಮುಖ ಹೇಗಿತ್ತೆಂದರೆ, ನಾನು ಅದನ್ನು ಬರೆಯಲಾರೆ.

ರೇಂಜರ ತರ್ಕ ನೇರವಾಗಿತ್ತು. ಗಾರ್ಡೇ ಮರ ಮಾರಿದ್ದಾನೆ, ಸಿಕ್ಕಿಬೀಳುವ ಮುಂಚೆ ಊರು ಬಿಟ್ಟಿದ್ದಾನೆ, ಸತ್ತನೆಂದು ತೋರಿಸಲು ಕರಡಿಗೆ ಗಿಡದ ಮೇಲೆ ಬಿಟ್ಟಿದ್ದಾನೆ. "ನಿಮ್ಮವರು ಲಿಂಗ ಬಿಡುವುದಿಲ್ಲ ಅಲ್ಲವೆ? ಹಾಗಿದ್ದರೆ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು ಬರಿಯ ಡಬ್ಬಿ ಬಿಟ್ಟುಹೋಗಿರಬೇಕು. ಒಳಗೆ ಲಿಂಗ ಇದ್ದರೆ ಸತ್ತ, ಇಲ್ಲದಿದ್ದರೆ ಓಡಿಹೋದ. ತೆಗೆದು ನೋಡಿದರೆ ಆಯಿತು."

ಕರಡಿಗೆ ಅವ್ವನ ಮಡಿಲಿನಲ್ಲಿತ್ತು. ತೆಗೆಯುವವರು ಯಾರು? ರೇಂಜರು ತೆಗೆಯುವಂತಿಲ್ಲ, ಊರು ದಂಗೆ ಏಳುತ್ತದೆ. ದೊಡ್ಡಪ್ಪ ತೆಗೆಯುವಂತಿಲ್ಲ. ಅಯ್ಯನವರು ಹಿಂಜರಿದರು. ಹೆಂಡತಿ ತೆಗೆಯಬಹುದು, ಗಂಡ ಹೆಂಡತಿ ಭಕ್ತಿ ಒಂದೇ ಎಂದು ಯಾರೋ ಶಾಸ್ತ್ರ ತೆಗೆದರು. ಎಲ್ಲರೂ ಅವ್ವನ ಕಡೆ ತಿರುಗಿದರು. ಅವಳು ಕದಲಲಿಲ್ಲ. ರೇಂಜರು ಆಡಿಸಿಯಾದರೂ ನೋಡೋಣ, ಸದ್ದು ಬರುತ್ತದೆ ಎಂದರು. ಲಿಂಗವನ್ನು ನಾವು ವಸ್ತ್ರದಲ್ಲಿ ಬಿಗಿಯಾಗಿ ಸುತ್ತಿ ಇಡುತ್ತೇವೆ, ಆಡಿಸಿದರೆ ಸದ್ದು ಬರಲು ಅದೇನು ಗಿಲಕಿಯೆ? ಆಮೇಲೆ, ಮಧುಗಿರಿಯಲ್ಲಿ ಇದನ್ನು ಮಾಡಿದ ಅಕ್ಕಸಾಲಿ ಇದ್ದಾನಲ್ಲ, ಬರಿಯ ಡಬ್ಬಿಯ ತೂಕ ಅವನಿಗೆ ಗೊತ್ತಿರುತ್ತದೆ, ತಕ್ಕಡಿಗೆ ಹಾಕಿಸೋಣ ಎಂದರು. ಇದು ಬಲು ಜಾಣ ಉಪಾಯ ಎಂದು ಪಟೇಲರು ತಲೆದೂಗಿದರು.

ಆಗ ಅವ್ವ ಮಾತಾಡಿದಳು. "ಸ್ವಾಮಿ, ಒಳ್ಗೆ ಲಿಂಗ ಇದ್ರೆ ಇವ್ರು ನನ್ ಬಳೆ ಒಡೀತಾರೆ. ಇಲ್ದಿದ್ರೆ ನೀವು ನನ್ ಯಜಮಾನ್ರನ್ನ ಕಳ್ಳ ಅಂತೀರಿ. ಕಾಡ್ನಾಗೆ ಹುಡುಕ್ರಿ ಅಂದ್ರೆ ಡಬ್ಬೀನಾಗೆ ಹುಡುಕ್ತೀರಲ್ಲ. ಇದು ಅವ್ರದು. ಅವ್ರು ಬಂದು ತೆಗೀಲಿ, ಇಲ್ಲಾ ಹಂಗೇ ಇರ್ಲಿ. ತಕ್ಕಡಿಗೆ ಹಾಕಾಕೆ ಇದೇನು ಬೆಲ್ಲವಾ?"

ತಿರುಗಿ ಮನೆಗೆ ನಡೆದಳು. ನಾನು ಹಿಂದೆ ಓಡಿದೆ. ಯಾರೂ ತಡೆಯಲಿಲ್ಲ. ರೇಂಜರು ರಿಜಿಸ್ಟರಿನಲ್ಲಿ 'ಫರಾರಿ' ಎಂದು ಬರೆದುಕೊಂಡು ಕುದುರೆ ಹತ್ತಿದರು. ಕಾಡಿನಲ್ಲಿ ಮತ್ತೆ ಯಾರೂ ಹುಡುಕಲಿಲ್ಲ.

ಹೀಗೆ ನಮ್ಮಪ್ಪ ಊರಿನಲ್ಲಿ ಸತ್ತಿದ್ದ, ಸರ್ಕಾರದಲ್ಲಿ ಓಡಿಹೋಗಿದ್ದ. ಅವ್ವ ಎರಡಕ್ಕೂ ಒಪ್ಪದೆ ಹಣೆ ತುಂಬ ಕುಂಕುಮ ಇಟ್ಟುಕೊಂಡು ಅದೇ ಕಾಡಿಗೆ ಮುತ್ತುಗದ ಎಲೆ ತರಲು ಹೋಗತೊಡಗಿದಳು. ಊಟದ ಎಲೆ ಹಚ್ಚಿ, ಒಣಗಿಸಿ, ಕಟ್ಟು ಕಟ್ಟಿಡುತ್ತಿದ್ದಳು. ಸಾಬರ ಗಾಡಿ ಅದನ್ನು ಶಿರಾಕ್ಕೆ ಒಯ್ಯುತ್ತಿತ್ತು. ಎಲೆ ಆರಿಸುತ್ತಲೇ ಅವಳು ಪೊದೆಗಳ ಬುಡ ನೋಡುತ್ತಾಳೆಂದು ನನಗೆ ಗೊತ್ತಿತ್ತು. ನಾನೂ ನೋಡುತ್ತಿದ್ದೆ. ಏನು ಕಂಡರೆ ಸಂತೋಷ, ಏನು ಕಂಡರೆ ದುಃಖ ಎಂಬುದೇ ಗೊತ್ತಿಲ್ಲದ ಹುಡುಕಾಟ ಅದು.

ಊರಿನ ಹೆಂಗಸರ ಪಾಡು ನೋಡಬೇಕಿತ್ತು. ಮದುವೆ, ಸೀಮಂತ, ಬಾಗಿನ, ಎಲ್ಲಕ್ಕೂ ಅವ್ವನನ್ನು ಕರೆಯಬೇಕೋ ಬೇಡವೋ. ಕರೆದರೆ ಅಪಶಕುನವಾದೀತು, ಕರೆಯದಿದ್ದರೆ ಮುತ್ತೈದೆಯ ಶಾಪ ತಟ್ಟೀತು. ಕರೆಯದಿದ್ದರೂ ಅವ್ವ ಹೋಗುತ್ತಿದ್ದಳು. ಅರಿಶಿನ ಕುಂಕುಮದ ತಟ್ಟೆ ಸಾಲಾಗಿ ಬರುತ್ತಾ ನಮ್ಮವ್ವನ ಹತ್ತಿರ ಬಂದಾಗ ಹಿಡಿದವಳ ಕೈ ತಡವರಿಸುತ್ತಿತ್ತು. ಅವ್ವ ತಾನೇ ಕೈ ಚಾಚಿ ಕುಂಕುಮ ತೆಗೆದು ಹಣೆಗಿಟ್ಟುಕೊಂಡು, "ಮುಂದಕ್ಕೆ ಹೋಗವ್ವ, ತಟ್ಟೆ ಭಾರ ಆಗೈತೆ ನಿಂಗೆ" ಎನ್ನುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು. ಆ ನಾಚಿಕೆಯ ಬಗ್ಗೆ ಈಗ ನಾಚಿಕೆಯಾಗುತ್ತದೆ.

ಒಂದು ವರ್ಷ ಯಾರೋ ಪಾವಗಡದ ಸಂತೆಯಲ್ಲಿ ಅಪ್ಪನನ್ನು ಕಂಡೆವೆಂದರು. ಉದ್ದ ಖಾಕಿ ಕೋಟು, ತೋಳು ಮಡಿಸಿದೆ, ಅವನೇ. ಅವ್ವ ಮತ್ತು ನಾನು ಎರಡು ದಿನ ನಡೆದು, ಸಿಕ್ಕ ಗಾಡಿ ಹತ್ತಿ ಹೋದೆವು. ಸಂತೆಯಲ್ಲಿ ಕೋಟಿನವನು ಸಿಕ್ಕ. ಕಡಲೆಕಾಯಿ ಮಾರುತ್ತಿದ್ದ ಮುದುಕ, ಕೋಟನ್ನು ಯಾವುದೋ ಹರಾಜಿನಲ್ಲಿ ಕೊಂಡಿದ್ದ. ಅವ್ವ ಅವನ ಮುಂದೆ ನಿಂತಿದ್ದು ನೋಡಿ ಪಕ್ಕದ ಹೆಂಗಸು, "ಎವರಮ್ಮಾ ಕಾವಾಲ?" ಎಂದಳು. ಯಾರು ಬೇಕಮ್ಮ ಎಂದು ಆ ಪ್ರಶ್ನೆ. ಅವ್ವ ಕೋಟಿನ ತೋಳು ಮುಟ್ಟಿ ನೋಡಿ, ನಮ್ಮದಲ್ಲ ಎಂದು ಕನ್ನಡದಲ್ಲೇ ಹೇಳಿ, ಅಷ್ಟು ದೂರ ಬಂದಿದ್ದಕ್ಕೆ ಅವನಿಂದಲೇ ಒಂದು ಸೇರು ಕಡಲೆಕಾಯಿ ಕೊಂಡಳು. ದಾರಿಯುದ್ದಕ್ಕೂ ನಾವು ಅದನ್ನೇ ತಿಂದೆವು. ಅವಳು ಅತ್ತಿದ್ದು ನಾನು ಕಂಡಿದ್ದು ಆ ದಾರಿಯಲ್ಲಿ ಒಂದೇ ಸಲ.

ನನಗೆ ಹದಿಮೂರಾದಾಗ ತಾಳ್ಮೆ ಕೆಟ್ಟಿತು. ಓರಗೆಯ ಹುಡುಗಿಯರು "ನಿಮ್ಮಪ್ಪ ಸತ್ತವ್ನಾ ಕದ್ದವ್ನಾ" ಎಂದು ಕುಂಟಾಬಿಲ್ಲೆ ಆಡುತ್ತಾ ಹಾಡು ಕಟ್ಟಿದ್ದರು. ಒಂದು ಬೆಳಿಗ್ಗೆ ಅವ್ವ ಎಲೆಗೆ ಹೋದಾಗ ನಾನು ದೇವರ ಗೂಡಿನಿಂದ ಕರಡಿಗೆ ಎತ್ತಿಕೊಂಡು ತೊಡೆಯ ಮೇಲಿಟ್ಟುಕೊಂಡೆ. ಆರು ವರ್ಷದ ವಿಭೂತಿ ಮುಚ್ಚಳದ ಸಂದಿನಲ್ಲಿ ಗಟ್ಟಿಯಾಗಿತ್ತು. ಉಗುರು ಹಾಕಿ ಕೆರೆಯುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಎಲೆ ಕಟ್ಟುವ ದಾರ ಮರೆತು ಅವ್ವ ವಾಪಸು ಬಂದಿದ್ದಳು.

ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಎದುರಿಗೆ ಕೂತಳು.

"ತೆಗಿ," ಎಂದಳು. "ನಿಮ್ಮಪ್ಪಂದು, ನಿಂಗೂ ಹಕ್ಕೈತೆ. ಆದ್ರೆ ತೆಗೆದ್ ಮ್ಯಾಲೆ ನನ್ನ ಏನಂತ ಕರೀತೀಯ ಅಂತ ಮೊದ್ಲು ಹೇಳು. ಒಳ್ಗಿದ್ರೆ ಮುಂಡೆ ಅಂತೀಯಾ? ಇಲ್ದಿದ್ರೆ ಗಂಡ ಬುಟ್ಟೋಳು ಅಂತೀಯಾ?"

"ನಿಂಗೆ ತಿಳ್ಕಬೇಕು ಅಂತ ಅನ್ಸಲ್ವಾ ಅವ್ವ?"

"ದಿನಾ ಅನ್ಸ್ತೈತೆ." ಅವಳು ನಾನು ಕೆರೆದಿದ್ದ ವಿಭೂತಿಯನ್ನು ಬೆರಳಿನಿಂದ ಒತ್ತಿ ಸರಿಮಾಡಿದಳು. "ದಿನಾ ಇಬೂತಿ ಇಡ್ವಾಗ ಅನ್ಸ್ತೈತೆ. ಆದ್ರೆ ಡಬ್ಬಿ ತೆಗೆದ್ರೆ ಡಬ್ಬೀಲಿ ಏನೈತೆ ಅಂತ ತಿಳೀತೈತೆ ಮಗಾ. ಅವ್ರೇನಾದ್ರು ಅಂತ ತಿಳೀತೈತಾ?"

ನಾನು ಕರಡಿಗೆಯನ್ನು ಗೂಡಿಗೆ ಇಟ್ಟೆ. ಇವತ್ತಿಗೂ ಅದು ತೆರೆದಿಲ್ಲ. ನನ್ನ ಹತ್ತಿರವೇ ಇದೆ. ತೆಗೆದು ನೋಡಬಾರದೇ ಎಂದು ನನ್ನ ಮೊಮ್ಮಕ್ಕಳು ಕೇಳಿ ಬೈಸಿಕೊಂಡಿದ್ದಾರೆ, ನೀವೂ ಕೇಳಬೇಡಿ.

ನನಗೆ ಹದಿನಾರಾದಾಗ ಕಳ್ಳಂಬೆಳ್ಳದ ಕಡೆಯಿಂದ ಸಂಬಂಧ ಬಂತು. ಹುಡುಗ ನೀರಾವರಿ ಜಮೀನಿನವನು, ಲೋವರ್ ಸೆಕೆಂಡರಿವರೆಗೆ ಓದಿದ್ದ. ಅವನ ತಂದೆ ನೇರ ಮನುಷ್ಯ. ಜಗುಲಿಯ ಮೇಲೆ ಕೂತು ಕೇಳಿಯೇ ಬಿಟ್ಟರು, "ಬೀಗ್ರು ಬದ್ಕವ್ರೋ ಇಲ್ವೋ? ಸತ್ತಿದ್ರೆ ಸತ್ತೋರು ಅನ್ನಿ, ತಪ್ಪೇನಿಲ್ಲ. ಅವ್ರಣ್ಣ ಅತ್ತಿಗೆ ಧಾರೆ ಎರೀಲಿ. ಹೆಣ್ಣಿನ ತಾಯಿ ಒಳಗಿರ್ಲಿ. ಅದು ಬುಟ್ಟು, ಅವ್ರೆ ಅಂದ್ರೆ, ಎಲ್ಲವ್ರೆ ಅಂತ ಜನ ನಮ್ಮನ್ನ ಕೇಳ್ತಾರೆ. ಫರಾರಿಯಾದೋನ ಮಗಳನ್ನ ತಂದ್ವಿ ಅನ್ನಿಸ್ಕಳಾಕೆ ಆಗಲ್ಲ."

ನಾನು ಕದದ ಹಿಂದೆ ನಿಂತಿದ್ದೆ. ಈಗ ಅವ್ವ ಏನು ಹೇಳುತ್ತಾಳೆಂದು ಕಾದೆ. ಚಾವಡಿಯಲ್ಲಿ ರೇಂಜರಿಗೆ ಹೇಳಿದಂಥ ಮಾತು ಬರುತ್ತದೆ, ಸಂಬಂಧ ಮುರಿಯುತ್ತದೆ, ಮುರಿಯಲಿ ಎಂದುಕೊಂಡೆ.

ಅವ್ವ, "ಆಗ್ಲಿ. ನಾನ್ ಒಳಗಿರ್ತೀನಿ," ಎಂದಳು.

ದೊಡ್ಡಪ್ಪನಿಗೇ ನಂಬಲಾಗಲಿಲ್ಲ. ಎಲ್ಲರೂ ಒಂಬತ್ತು ವರ್ಷಕ್ಕೆ ಇವಳಿಗೆ ಬುದ್ಧಿ ಬಂತೆಂದು ಸಂತೋಷಪಟ್ಟರು. ನಾನು ಒಳಗೆ ಹೋಗಿ ಅವಳ ಮೇಲೆ ಹರಿಹಾಯ್ದೆ. "ಊರಿಗೆಲ್ಲ ಬಗ್ಗದೋಳು ಇವ್ರಿಗ್ ಯಾಕೆ ಬಗ್ಗಿದೆ?" ಎಂದೆ.

"ನನ್ ಹಟ ನಂದು. ಅದಕ್ಕೆ ನೀನ್ಯಾಕೆ ಮನೇಲಿ ಕೂರ್ಬೇಕು? ಒಂದ್ ಹೊತ್ತು ಕೋಣೇಲಿದ್ರೆ ನಾನೇನೂ ಸವೆಯಾಕಿಲ್ಲ."

ಅವಳು ಅದನ್ನು ಸಲೀಸಾಗಿ ಹೇಳಿದಳು. ನನಗೆ ಅದು ಸಲೀಸಾಗಿ ಇಳಿಯಲಿಲ್ಲ.

ಚಪ್ಪರದಲ್ಲಿ ಪಂಚಕಳಶ ಇಟ್ಟಿದ್ದರು. ಹಸೆಯ ಮೇಲೆ ನಾನು, ಪಕ್ಕದಲ್ಲಿ ಹುಡುಗ. ದೊಡ್ಡಪ್ಪ ದೊಡ್ಡವ್ವ ಧಾರೆಯ ಗಿಂಡಿ ಹಿಡಿದು ಎದುರಿಗೆ ನಿಂತರು. ಅಯ್ಯನವರು ಕೈ ಕೊಡು ಎಂದರು. ನಾನು ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ಕೈ ಕೊಡಮ್ಮ."

"ನಮ್ಮವ್ವ ಬರ್ಲಿ."

ವಾಲಗದವರು ನನ್ನ ಮಾತು ಕೇಳದೆ ಒಂದಷ್ಟು ಹೊತ್ತು ಊದುತ್ತಲೇ ಇದ್ದರು, ಆಮೇಲೆ ಅವರೂ ನಿಲ್ಲಿಸಿದರು. ದೊಡ್ಡಪ್ಪ ಹಲ್ಲು ಕಚ್ಚಿ, "ಲೇ, ಮರ್ಯಾದೆ ಕಳೀಬ್ಯಾಡ ಕಣೇ" ಎಂದ. ಆದರೂ ಹೇಳಿದೆ, ಹೇಳಿದ ಪ್ರತಿ ಮಾತೂ ನೆನಪಿದೆ. "ಒಂಬತ್ ವರ್ಸ ಎಲೆ ಹಚ್ಚಿ ನನ್ನ ಸಾಕಿದೋಳು ಅವ್ಳು. ನನ್ನ ಕೊಡೋ ಹಕ್ಕು ಅವ್ಳದು. ಅವ್ಳು ಎರೆದ್ರೆ ಮದ್ವೆ, ಇಲ್ದಿದ್ರೆ ಚಪ್ಪರ ಬಿಚ್ಚಿ."

ಮಾವನವರು ಎದ್ದು ನಿಂತರು. ಬಂದ ಜನ ಗುಜುಗುಜು ಎನ್ನತೊಡಗಿದರು. ಆಗ ನನ್ನ ಪಕ್ಕದಲ್ಲಿದ್ದವನು, ಅಲ್ಲಿಯವರೆಗೆ ನಾನು ಸರಿಯಾಗಿ ಮುಖವನ್ನೂ ನೋಡಿರದವನು, ಬಾಸಿಂಗ ಸರಿಮಾಡಿಕೊಳ್ಳುತ್ತಾ ಹೇಳಿದ, "ಕರೀರಪ್ಪ. ಅವ್ವನ್ನ ಕರಿಯಾಕೆ ಇಷ್ಟೊತ್ತಾ? ಮುಹೂರ್ತ ಮೀರ್ತೈತೆ, ನಂಗೂ ಹೊಟ್ಟೆ ಹಸೀತೈತೆ." ಯಾರೋ ನಕ್ಕರು. ಮಾವನವರು ಮಗನನ್ನು ದುರುಗುಟ್ಟಿ ನೋಡಿ, ಮೆಲ್ಲಗೆ ಕೂತರು.

ಅವ್ವನನ್ನು ಯಾರೂ ಕರೆಯಬೇಕಾಗಲಿಲ್ಲ, ಅವಳು ಆಗಲೇ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದಳು. ನನ್ನನ್ನು ನುಂಗುವ ಹಾಗೆ ನೋಡಿದಳು. ಹಾಗೆ ನೋಡುತ್ತಲೇ ನಡೆದು ಬಂದು ದೊಡ್ಡವ್ವನ ಕೈಯಿಂದ ಗಿಂಡಿ ತೆಗೆದುಕೊಂಡಳು. ದೊಡ್ಡವ್ವ ಗಂಡನ ತೋಳು ಹಿಡಿದು ಪಕ್ಕಕ್ಕೆ ಸರಿದಳು. ಅವ್ವ ಒಬ್ಬಳೇ ನಿಂತಳು. ಗಂಡ ಹೆಂಡತಿ ಇಬ್ಬರೂ ನಿಲ್ಲಬೇಕಾದ ಜಾಗದಲ್ಲಿ ತುಸು ಎಡಕ್ಕೆ, ಬಲಗಡೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟು.

ಅಯ್ಯನವರಿಗೆ ಕಷ್ಟ ಬಂತು. ಧಾರೆಯ ಹೊತ್ತಿಗೆ ಇಂಥವರ ಮಗಳು ಎಂದು ತಂದೆಯ ಹೆಸರು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ತೀರಿಕೊಂಡಿದ್ದರೆ ಹೆಸರಿನ ಮುಂದೆ ಲಿಂಗೈಕ್ಯ ಎನ್ನಬೇಕು. ಬದುಕಿದ್ದರೆ ಮಗಳ ಜೊತೆಗೆ ತಂದೆಗೂ ಆಯುಷ್ಯ ಕೋರಬೇಕು. ಅವರು ಬಗ್ಗಿ ಅವ್ವನ ಕಿವಿಯ ಹತ್ತಿರ, "ಏನಂತ ಹೇಳ್ಲಿ ತಾಯಿ?" ಎಂದು ಕೇಳಿದರು.

ಅವ್ವ ಗಿಂಡಿ ಎತ್ತಿ ಹಿಡಿದಿದ್ದಳು. "ಹೆಸ್ರು ಹೇಳಿ ಅಯ್ನೋರೇ," ಎಂದಳು. "ಅವ್ರ ಹೆಸ್ರು ಕೇಳಿ ಬಾಳ ವರ್ಸ ಆತು."

ಅಯ್ಯನವರು ನಮ್ಮಪ್ಪನ ಹೆಸರು ಹೇಳಿದರು. ಮುಂದೊಂದು ಹಿಂದೊಂದು ಏನೂ ಸೇರಿಸದೆ, ಬರಿಯ ಹೆಸರು. ಅವ್ವ ನೀರು ಬಿಟ್ಟಳು.